ಅಪ್‌ಡೇಟ್: ಅಡ್ರಿನಲ್ ಮಾತ್ರೆ ನಿಲ್ಲಿಸಿದ ಮೇಲೆ

ಸುಸ್ತಿಗೆಂದು ಅಡ್ರಿನಲ್ ಸಪೋರ್ಟ್ ಮಾತ್ರೆ (ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಬಲ ಕೊಡುತ್ತದೆ ಎಂದು ಮಾರುವಂಥದ್ದು) ಶುರುಮಾಡಿದ ಮೇಲೆ ತಲೆನೋವು, ಎದೆ ಡವಡವ, ಕಾಲು ಊತ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಡಬ್ಬಿಯನ್ನೇ ಡಾಕ್ಟರ್ ಮುಂದಿಟ್ಟೆ. ಬಿಪಿ 150/96, ಪೊಟ್ಯಾಸಿಯಂ ಕಡಿಮೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಅವರ ಬೆರಳು ನಿಂತದ್ದು ಜೇಷ್ಠಮಧುವಿನ ಮೇಲೆ. ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುತ್ತದಂತೆ. ಆಗ ಅಲ್ಲಿ ಕಾರ್ಟಿಸಾಲ್ ಪ್ರಭಾವ ಹೆಚ್ಚಿ, ಉಪ್ಪು, ನೀರು ಮೈಯಲ್ಲೇ ಉಳಿದು ಪೊಟ್ಯಾಸಿಯಂ ಹೊರಹೋಗುತ್ತದೆ. ಗಿಡಮೂಲಿಕೆ ತಾನೇ, ಏನಾದೀತು ಅಂದುಕೊಂಡಿದ್ದೆ ನಾನು!

ಇಂಥ ಕೆಲವು ಮಾತ್ರೆಗಳಲ್ಲಿರುವ ಪ್ರಾಣಿಗ್ರಂಥಿಯ ಸಾರ ನನ್ನದರಲ್ಲಿ ಇರಲಿಲ್ಲ, ಹಾಗಾಗಿ ಅಂದೇ ನಿಲ್ಲಿಸಿದರು. ಅದಿದ್ದರೆ ಸ್ಟೀರಾಯ್ಡ್ ಅಂಶವೂ ಇರಬಹುದು, ಡಾಕ್ಟರನ್ನು ಕೇಳದೆ ಥಟ್ಟನೆ ಬಿಡಬಾರದಂತೆ.

ಮೂರು ವಾರಕ್ಕೆ ಬಿಪಿ ಇಳಿಯಿತು, ಊತವೂ ಹೋಯಿತು. ಬೆಳಗಿನ ಕಾರ್ಟಿಸಾಲ್ ನಾರ್ಮಲ್. ಹಾಗಾದರೆ ಸುಸ್ತು? ಹಿಮೋಗ್ಲೋಬಿನ್ 9.4, ಕಬ್ಬಿಣಾಂಶದ ಕೊರತೆ. ಈಗ ಅದಕ್ಕೇ ಮಾತ್ರೆ ನಡೆದಿದೆ.