ರಿಸ್ಪೆರಿಡೋನ್ ನಿಂತ ಮೇಲೆ ತುಟಿ ಆಡುವುದು, ಮುಟ್ಟು ಬಾರದಿರುವುದು

ಪ್ರಶ್ನೆ: ದಿನಕ್ಕೆ 4 ಮಿ.ಗ್ರಾಂ. ಇದ್ದ ರಿಸ್ಪೆರಿಡೋನ್ (ಮಾನಸಿಕ ಕಾಯಿಲೆಯ ಔಷಧ) ಮಾತ್ರೆಯನ್ನು ವೈದ್ಯರೇ ಹಂತಹಂತವಾಗಿ ಇಳಿಸಿ ನಿಲ್ಲಿಸಿ ಮೂರು ವಾರ. ರೋಗಿಯ ತುಟಿ, ನಾಲಿಗೆ ತಾವಾಗಿಯೇ ಆಡುತ್ತಿವೆ. ಮುಟ್ಟೂ ಬಂದಿಲ್ಲ. ಮನೆಯಲ್ಲಿ ಉಳಿದಿರುವ ಪಾಸಿಟೇನ್ ಕೊಡಬಹುದೇ?

ಉತ್ತರ 1: ದಯವಿಟ್ಟು ಕೊಡಬೇಡಿ. ಅದು ಬಿಗಿತ, ಕೈನಡುಕಕ್ಕೆ. ಈ ಬಗೆಯ ಚಲನೆಯನ್ನು ಹೆಚ್ಚಿಸಲೂಬಹುದು. ರಿಸ್ಪೆರಿಡೋನ್ ಬಹುಕಾಲ ತಡೆಹಿಡಿದ, ಮಿದುಳಿನ ಡೋಪಮೈನ್ ಎಂಬ ಸಂದೇಶವಾಹಕದ ಗ್ರಾಹಕಗಳು ಅತಿಸೂಕ್ಷ್ಮವಾಗಿರುತ್ತವೆ, ತಡೆ ತೆಗೆದೊಡನೆ ಚಲನೆ ಹೊರಬೀಳುತ್ತದೆ ಎನ್ನುವುದು ಸದ್ಯದ ವಿವರಣೆ. ಹೆಚ್ಚಿನವರಲ್ಲಿ 4ರಿಂದ 8 ವಾರದಲ್ಲಿ ತಗ್ಗುತ್ತದೆ. ಆಮೇಲೂ ಉಳಿದರೆ ಟಾರ್ಡಿವ್ ಡಿಸ್ಕಿನೇಶಿಯಾ (ಇಂಥ ಔಷಧದಿಂದ ಬಂದು ಬಹುಕಾಲ ಉಳಿಯುವ ಚಲನೆ) ಎಂದು ನೋಡಬೇಕು. ಅದಕ್ಕೆ ಟೆಟ್ರಾಬೆನಜಿನ್ ಎಂಬ ಔಷಧ ಇದೆ, ಆದರೆ ಖಿನ್ನತೆ ತರಬಲ್ಲದು. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಎರಡು ನಿಮಿಷ ಮುಖದ ವಿಡಿಯೋ ತೆಗೆದಿಡಿ; ಹೆಚ್ಚಿತೋ ಇಳಿಯಿತೋ ಅನ್ನುವುದು ನೆನಪಿನಿಂದ ಹೇಳಲಾಗದು.

ಉತ್ತರ 2: ಮುಟ್ಟಿನ ವಿಷಯ: ಮೊದಲು ಗರ್ಭಪರೀಕ್ಷೆ, ಆಮೇಲೆ ಬೆಳಗಿನ ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್; ರಿಸ್ಪೆರಿಡೋನ್ ಇದನ್ನು ಏರಿಸಿ ಮುಟ್ಟು ತಡೆಯಬಲ್ಲದು) ಮತ್ತು ಥೈರಾಯ್ಡ್ ತಿಳಿಯಲು ಟಿಎಸ್‌ಎಚ್. ಮುಟ್ಟು ಮರಳುವ ಮೊದಲೇ ಗರ್ಭ ಧರಿಸಬಹುದು, ಇದನ್ನು ಬಹಳ ಜನ ಮರೆಯುತ್ತಾರೆ. ಮಾತ್ರೆಯಾಗಿದ್ದರೆ ಪ್ರೊಲ್ಯಾಕ್ಟಿನ್ ವಾರಗಳಲ್ಲಿ ಇಳಿಯುತ್ತದೆ, ಡಿಪೋ (ವಾರಗಟ್ಟಲೆ ಕೆಲಸ ಮಾಡುವ) ಇಂಜೆಕ್ಷನ್ ಆಗಿದ್ದರೆ ತಿಂಗಳುಗಳೇ ಬೇಕು.

ಉತ್ತರ 3: ನಿದ್ದೆ ಕೆಡುವುದು, ಅನುಮಾನ ಶುರುವಾಗುವುದು ಕಾಯಿಲೆ ಮರಳುವ ಸೂಚನೆ ಇರಬಹುದು. ಅದೇ ದಿನ ವೈದ್ಯರಿಗೆ ತಿಳಿಸಿ. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.