ಬ್ರಾಡ್‌ಬ್ಯಾಂಡ್ ಕಂಪನಿ ಬದಲಿಸುವಾಗ ಕಸ್ಟಮರ್ ಕೇರ್ ಜೊತೆ ಏಗುವುದು ಹೇಗೆ?

ಪ್ರಶ್ನೆ: ಮನೆಯ ಫೈಬರ್ ಇಂಟರ್ನೆಟ್ ಬೇರೆ ಕಂಪನಿಗೆ ಬದಲಿಸಬೇಕು. ಕನೆಕ್ಷನ್ ತೆಗೆಯಿರಿ ಎಂದರೆ ಹಳೆಯವರು ಒಬ್ಬರಿಂದ ಇನ್ನೊಬ್ಬರಿಗೆ ಲೈನ್ ಕೊಡುತ್ತಾರೆ. ಹೊಸಬರು ‘ಇವತ್ತು ಬರ್ತಾರೆ’ ಎನ್ನುತ್ತಲೇ ಇದ್ದಾರೆ. ಕೆಲಸವೆಲ್ಲ ಮನೆಯಿಂದಲೇ, ಅದೇ ಲೈನಿನಲ್ಲಿ ಲ್ಯಾಂಡ್‌ಲೈನ್ ನಂಬರೂ ಇದೆ. ಯಾವುದು ಮೊದಲು, ಯಾವುದು ಆಮೇಲೆ? ತಿಳಿದವರು ಹೇಳಿ.

ಉತ್ತರ: ಹಳೆಯದನ್ನು ಈಗಲೇ ಮುಟ್ಟಬೇಡಿ ಸರ್. ಹೊಸದು ಬಂದು ಒಂದು ವಾರ ನಡೆಯಲಿ. ಅದರಲ್ಲೂ ಎಲ್ಲರೂ ನೆಟ್ ಬಳಸುವ ರಾತ್ರಿ ಹೊತ್ತಿನ ಸ್ಪೀಡ್ ನೋಡಿ, ಆಮೇಲೆ ಹಳೆಯದಕ್ಕೆ ಅರ್ಜಿ ಹಾಕಿ. ಕೆಲ ದಿನ ಎರಡೂ ಬಿಲ್ ಬರುತ್ತವೆ, ಬರಲಿ. ನಂಬರ್ ಉಳಿಸಿಕೊಳ್ಳಲು ಅವಕಾಶ ಇದ್ದರೆ ವರ್ಗಾವಣೆ ಅರ್ಜಿಯನ್ನು ಹೊಸ ಕಂಪನಿಯ ಮೂಲಕವೇ ಕೊಡಬೇಕು. ಹಳೆಯ ಖಾತೆ ಮೊದಲೇ ಮುಚ್ಚಿದರೆ ವರ್ಗಾಯಿಸಲು ನಂಬರೇ ಇರುವುದಿಲ್ಲ.

ಉತ್ತರ: ಹೊಸ ಕನೆಕ್ಷನ್ ಹಾಕುವ ದಿನದ ಬಗ್ಗೆ. ಫೈಬರ್ ಬಾಕ್ಸಿನ ದೀಪ ಓದಲು ಬಂದರೆ ಅರ್ಧ ಜಗಳ ತಪ್ಪುತ್ತದೆ. ಎಲ್‌ಒಎಸ್ (ಸಿಗ್ನಲ್ ಇಲ್ಲ ಎನ್ನುವ ದೀಪ) ಕೆಂಪಾಗಿ ಮಿನುಗಿದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ: ತಂತಿ ತುಂಡಾಗಿದೆ, ತೀರಾ ಮಡಚಿದೆ ಅಥವಾ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಇದಕ್ಕೆ ಲೈನ್‌ಮ್ಯಾನೇ ಬರಬೇಕು. ಪಿಒಎನ್ (ಕಂಪನಿಯ ಜಾಲಕ್ಕೆ ಸೇರಿದೆಯೇ ಎಂದು ತೋರಿಸುವ ದೀಪ) ಮಿನುಗುತ್ತಲೇ ಇದ್ದರೆ ಬಾಕ್ಸ್ ಇನ್ನೂ ನೋಂದಣಿಯಾಗಿಲ್ಲ. ಎಷ್ಟೋ ಸಲ ಸೀರಿಯಲ್ ನಂಬರ್ ತಪ್ಪಾಗಿ ಹತ್ತಿಸಿರುತ್ತಾರೆ. ಪಿಒಎನ್ ಸ್ಥಿರವಾಗಿ ಉರಿಯುತ್ತಿದ್ದೂ ನೆಟ್ ಇಲ್ಲವೆಂದರೆ ಸಾಮಾನ್ಯವಾಗಿ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಅಥವಾ ವಿಎಲ್‌ಎಎನ್ ಸಂಖ್ಯೆಯಲ್ಲಿ (ಒಂದೇ ಲೈನಿನಲ್ಲಿ ನೆಟ್, ಫೋನ್ ಬೇರೆ ಬೇರೆ ಇಡುವ ಗುರುತು) ತಪ್ಪು. ಅದನ್ನು ಕಂಪನಿಯ ಒಳಗಿನವರು ಸರಿಮಾಡಬೇಕು. ನೀವು ಎಷ್ಟು ಸಲ ಆಫ್-ಆನ್ ಮಾಡಿದರೂ ಅಷ್ಟೇ.

ಕೆಲಸದವರು ಹೊರಡುವ ಮುಂಚೆ ಮೀಟರಿನಲ್ಲಿ ಬೆಳಕಿನ ಮಟ್ಟ ತೋರಿಸಲು ಹೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಇದ್ದರೆ ನೆಮ್ಮದಿ. ಮೈನಸ್ 27 ಹತ್ತಿರ ಬಂದರೆ ಇವತ್ತು ನಡೆದರೂ ನಾಳೆ ಕಡಿತ ಶುರು. ಹಸಿರು ತುದಿಯ ಕನೆಕ್ಟರನ್ನು ನೀಲಿ ಕಿಂಡಿಗೆ ಸಿಕ್ಕಿಸುವುದೂ ಉಂಟು. ಹಸಿರಿನ ಮುಖ 8 ಡಿಗ್ರಿ ಓರೆ, ನೀಲಿಯದು ನೇರ. ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಸ್ಪೀಡನ್ನು ವೈಫೈನಲ್ಲಿ ಅಳೆಯಬೇಡಿ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಅಳೆಯಿರಿ. ಇಲ್ಲದಿದ್ದರೆ ‘ನಿಮ್ಮ ವೈಫೈ ಸಮಸ್ಯೆ’ ಎಂದು ಫೋನ್ ಇಡುತ್ತಾರೆ.

ಉತ್ತರ: ಮೇಲಿನವರು ಹೇಳಿದ್ದೇ ಫೋನಿನಲ್ಲೂ ಕೆಲಸಕ್ಕೆ ಬರುತ್ತದೆ. ಮೊದಲು ಎತ್ತುವವರ ಮುಂದೆ ಓದಿ ಹೇಳುವ ಪ್ರಶ್ನೆಗಳ ಪಟ್ಟಿ ಇರುತ್ತದೆ. ಕರೆ ಬೇಗ ಮುಗಿಸಬೇಕು, ಕಂಪ್ಲೇಂಟ್ ಮುಚ್ಚಬೇಕು ಎಂಬ ಒತ್ತಡವೂ ಅವರ ಮೇಲಿದೆ. ‘ನೆಟ್ ಸ್ಲೋ’ ಎಂದರೆ ಪಟ್ಟಿ ಒಂದರಿಂದ ಶುರು. ‘ಪಿಒಎನ್ ಹಸಿರು, ಎಲ್‌ಒಎಸ್ ಆಫ್, ಕೇಬಲ್ ಹಾಕಿದರೂ ಐಪಿ (ನೆಟ್ ವಿಳಾಸ) ಸಿಗುತ್ತಿಲ್ಲ’ ಎಂದರೆ ಪಟ್ಟಿಯಲ್ಲಿ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ, ಮೇಲಿನ ಹಂತದವರಿಗೆ ಕಳಿಸಲೇಬೇಕು. ಹಳೆಯ ಸಿಟ್ಟೆಲ್ಲ ಅಲ್ಲಿ ತೆಗೆಯಬೇಡಿ, ಕೇಳುವವರ ಕೈಯಲ್ಲಿ ಏನೂ ಇರುವುದಿಲ್ಲ. ಕಂಪ್ಲೇಂಟ್ ನಂಬರ್ ಎಸ್‌ಎಂಎಸ್‌ನಲ್ಲಿ ಬರುವವರೆಗೆ ಮಾತ್ರ ಫೋನ್ ಇಡಬೇಡಿ. ಸರಿಹೋಗದೆಯೇ ‘ಪರಿಹಾರವಾಗಿದೆ’ ಎಂದು ಮುಚ್ಚಿದರೆ ಅದೇ ನಂಬರನ್ನು ಮತ್ತೆ ತೆರೆಸಿ. ಹೊಸ ನಂಬರ್ ಕೊಟ್ಟರೆ ಕಳೆದ ದಿನಗಳ ಲೆಕ್ಕ ಹೋಯಿತು.

ಕನೆಕ್ಷನ್ ತೆಗೆಸುವ ಮಾತನ್ನು ಫೋನಿಗೇ ಬಿಡಬೇಡಿ. ಖಾತೆ ಸಂಖ್ಯೆ, ನಿಲ್ಲಿಸಬೇಕಾದ ತಾರೀಕು, ಡೆಪಾಸಿಟ್ ವಾಪಸ್ ಬರಬೇಕಾದ ಬ್ಯಾಂಕ್ ಖಾತೆ, ಇಷ್ಟನ್ನೇ ಬರೆದು ಇಮೇಲ್ ಹಾಕಿ. ಆಮೇಲೆ ಆಫರ್ ಕೊಡುವವರು ಫೋನ್ ಮಾಡುತ್ತಾರೆ. ‘ಯೋಚಿಸಿ ಹೇಳ್ತೀನಿ’ ಅಂದಿರೋ, ಅರ್ಜಿ ಅಲ್ಲೇ ನಿಲ್ಲಬಹುದು.

ಉತ್ತರ: ಬಾಕ್ಸ್ ವಾಪಸ್ ಕೊಡುವಾಗ ಅಡಾಪ್ಟರ್ ಸಮೇತ ಫೋಟೋ ತೆಗೆದು, ಸೀರಿಯಲ್ ನಂಬರ್ ಬರೆದ ರಸೀದಿ ತಗೊಳ್ಳಿ. ‘ಸಾಮಾನು ಬಂದಿಲ್ಲ’ ಎಂದು ಡೆಪಾಸಿಟ್ ಹಿಡಿಯುವುದು ಮಾಮೂಲು. ಕೊನೆಯ ಬಿಲ್ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಬಂದ ಮೇಲೆ ಬ್ಯಾಂಕಿನ ಕಡೆಯಿಂದಲೇ ಆಟೋ ಡೆಬಿಟ್ ರದ್ದು ಮಾಡಿ. ಕಂಪನಿಯವರು ತಾವಾಗಿ ತೆಗೆಯುತ್ತಾರೆ ಎಂದು ಕಾಯಬೇಡಿ.

ಉತ್ತರ: ಸಣ್ಣದೊಂದು. ಹೊಸ ರೂಟರಿಗೆ ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರ ತಪ್ಪದೆ ಇಡಿ. ಟಿವಿ, ಪ್ರಿಂಟರ್ ಎಲ್ಲ ಸಾಮಾನ್ಯವಾಗಿ ತಾವೇ ಸೇರಿಕೊಳ್ಳುತ್ತವೆ. ಹೊರಗಿನಿಂದ ನೋಡುವ ಕ್ಯಾಮೆರಾ ಇದ್ದರೆ ರೂಟರಿನ ಡಬ್ಲ್ಯುಎಎನ್ ಐಪಿ (ಹೊರಗಿನ ನೆಟ್ ಕಡೆಗಿರುವ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅದು ಹಲವರು ಹಂಚಿಕೊಂಡ ವಿಳಾಸ; ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಕ್ಯಾಮೆರಾಗೆ ತಲುಪಿಸುವುದು) ನಡೆಯುವುದಿಲ್ಲ. ನಮಗೊಬ್ಬರಿಗೇ ಸೇರಿದ ಪಬ್ಲಿಕ್ ಐಪಿ ಕೊಡುತ್ತೀರಾ ಎಂದು ದುಡ್ಡು ಕಟ್ಟುವ ಮುಂಚೆಯೇ ಕೇಳಿ.