ಅಪ್‌ಡೇಟ್: ಹಾಸನದ ಸುತ್ತಲಿನ ಹೊಯ್ಸಳ ಹಳ್ಳಿಗಳಿಗೆ ಹೋಗಿ ಬಂದೆವು

ಬೇಲೂರು, ಹಳೇಬೀಡು ನೋಡಿ ಆಗಿದೆ, ಅಪ್ಪ ಅಮ್ಮನ ಜೊತೆ ವಾರಾಂತ್ಯಕ್ಕೆ ಕಾರಿನಲ್ಲಿ ಹೋಗಿ ಬರಲು ಗದ್ದಲವಿಲ್ಲದ ಹೊಯ್ಸಳರ ಊರುಗಳನ್ನು ಹೇಳಿ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಹಾಸನದಲ್ಲಿ ಉಳಿದುಕೊಂಡೆವು.

ತುಂಬಾ ಜನ ಹೇಳಿದ್ದು ದೊಡ್ಡಗದ್ದವಳ್ಳಿ. ನಿಜಕ್ಕೂ ಅದೇ ಎಲ್ಲಕ್ಕಿಂತ ಇಷ್ಟವಾಯಿತು. ಬೇಲೂರು ರಸ್ತೆಯಿಂದ ಒಳಗೆ ತಿರುಗಿ ಸ್ವಲ್ಪ ದೂರ ಹೋದರೆ ತೆಂಗಿನ ಮರಗಳು, ಕೆರೆ, ಅದರ ಪಕ್ಕದಲ್ಲೇ ಲಕ್ಷ್ಮೀದೇವಿ ಗುಡಿ. ಬೇಲೂರಿನ ಗುಡಿಗಿಂತಲೂ ಸ್ವಲ್ಪ ಹಳೆಯದು. ಕಟ್ಟಿಸಿದ್ದು ರಾಜ ಅಲ್ಲ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ. ಕಾಳಿಯ ಗರ್ಭಗುಡಿ ಕಾಯುವ ಬೇತಾಳಗಳ ಪಕ್ಕೆಲುಬುಗಳನ್ನು ಕೆತ್ತಿರುವುದನ್ನು ಅಮ್ಮ ಎಷ್ಟು ಹೊತ್ತು ನೋಡುತ್ತಾ ನಿಂತಿದ್ದರು ಅಂದರೆ, ನಾನೂ ಅವಸರ ಮಾಡಲಿಲ್ಲ.

ಮೊಸಳೆ ಎಂಬ ಊರಿನಲ್ಲಿ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅಕ್ಕಪಕ್ಕ, ಅವಳಿಗಳೇ ಸರಿ. ಕೋರವಂಗಲದ ಬೂಚೇಶ್ವರ 1173ರದ್ದು, ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದ ಕಾಲದ್ದು.

ಭಾನುವಾರ ಬೆಳವಾಡಿ. ಹಳೇಬೀಡಿನಿಂದ ಹತ್ತಿರ, ಆದರೆ ಚಿಕ್ಕಮಗಳೂರು ಜಿಲ್ಲೆಗೆ ಸೇರುತ್ತದೆ. ವೀರನಾರಾಯಣನ ಗುಡಿಯ ಮಂಟಪದ ಕಂಬಗಳು ಕನ್ನಡಿ ಥರ ಹೊಳೆಯುತ್ತವೆ. ವೇಣುಗೋಪಾಲನ ಮೂರ್ತಿಯನ್ನು ಹತ್ತಿರದಿಂದ ನೋಡಿ, ಸುಮ್ನೆ ದಾಟಿ ಹೋಗಬೇಡಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು, ತುಂಬಾ ಖುಷಿ. ಈ ಸಣ್ಣ ಊರುಗಳಿಗೂ ಜನ ಬರಬೇಕು ಅಲ್ವಾ? ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ನೀರು, ಊಟ ಕಟ್ಟಿಕೊಂಡು ಹೋಗಿ. ಬಿಸಿಲಿಗೆ ಕಲ್ಲು ಕಾಯುತ್ತದೆ, ಕಾಲುಚೀಲ ಇರಲಿ. ಹಾರನಹಳ್ಳಿ, ನುಗ್ಗೇಹಳ್ಳಿ ಮುಂದಿನ ಸಲಕ್ಕೆ.